ವಾಟ್ಸನ್ ಹೋಟೆಲ್ ಎದುರು ನಾಲ್ಕು ಭಾನುವಾರ

ಮುಂಬಯಿಯ ಕಾಲಾ ಘೋಡಾದಲ್ಲಿ ನಾವು ಕೆಲವರು ಕನ್ನಡದಲ್ಲಿ ಒಂದು ನಡಿಗೆ ನಡೆಸಿದೆವು. ಅದರಲ್ಲಿ ಏನು ಎಡವಿತು, ಎಲ್ಲಿ ದಾರಿ ಸಿಕ್ಕಿತು ಅನ್ನೋದನ್ನು ಬರೆದಿಡುತ್ತಿದ್ದೇನೆ. ಹಳೇ ಕಟ್ಟಡಗಳ ಮುಂದೆ ನಿಂತು ಜನರಿಗೆ ಕತೆ ಹೇಳೋರಿಗೆ ಉಪಯೋಗ ಆಗಬಹುದು. ಸಂಘದ ಹೆಸರಾಗಲಿ, ಬಂದವರ ಹೆಸರಾಗಲಿ ಇಲ್ಲಿಲ್ಲ. ಕೆಲವರ ಊರು, ಕೆಲಸ ಬದಲಿಸಿದ್ದೇನೆ. ಕಟ್ಟಡವನ್ನು ಮಾತ್ರ ಅಡಗಿಸಲು ಹೋಗಿಲ್ಲ. ಐದು ಮಹಡಿಯ ಕಬ್ಬಿಣವನ್ನು ಎಲ್ಲಿ ಅಂತ ಅಡಗಿಸೋದು?

ಹಿನ್ನೆಲೆ

ಉಪನಗರದ ಒಂದು ಕನ್ನಡ ಸಂಘದವರು ನನ್ನನ್ನು ಕೇಳಿದರು. ಕಾಲಾ ಘೋಡಾ ಇರುವ ಫೋರ್ಟ್ ಕಡೆಯ ಹಳೇ ಕಟ್ಟಡಗಳನ್ನು ಕನ್ನಡದಲ್ಲೇ ತೋರಿಸ್ತೀರಾ ಅಂತ. ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ ಇಂಥ ನಡಿಗೆಗಳು ಬೇಕಾದಷ್ಟಿವೆ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಇದೇ ಫೋರ್ಟಿನ ಹೋಟೆಲುಗಳಲ್ಲಿ ಕಪ್ಪು ತೊಳೆದು, ಇಲ್ಲೇ ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕು ಸೇರಿದವರು. ಆದರೂ ಕನ್ನಡದಲ್ಲಿ ಈ ಬೀದಿಗಳ ಬಗ್ಗೆ ಕೇಳಿಸಿಕೊಂಡವರು ಕಡಿಮೆ. ಖುಷಿಯಿಂದ ಒಪ್ಪಿದೆ.

ನಡಿಗೆಯ ಮುಖ್ಯ ನಿಲ್ದಾಣ ವಾಟ್ಸನ್ ಹೋಟೆಲ್. ಈಗಿನ ಹೆಸರು ಎಸ್ಪ್ಲನೇಡ್ ಮ್ಯಾನ್ಷನ್. 1860ರ ದಶಕದಲ್ಲಿ ಬೊಂಬಾಯಿಗೆ ದುಡ್ಡಿನ ಮಳೆ ಸುರಿದಿತ್ತು. ಅಮೆರಿಕದಲ್ಲಿ ಅಂತರ್ಯುದ್ಧ, ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಹೋಗೋದು ನಿಂತು ಇಲ್ಲಿನ ಹತ್ತಿಗೆ ಚಿನ್ನದ ಬೆಲೆ. ಅದೇ ಹೊತ್ತಿಗೆ ಗವರ್ನರ್ ಬಾರ್ಟಲ್ ಫ್ರೀರ್ ಕೋಟೆ ಗೋಡೆ ಕೆಡವಿಸಿದ. ಖಾಲಿಯಾದ ಜಾಗ ಹರಾಜಿಗೆ ಬಂತು. 1864ರ ಆಗಸ್ಟಿನಲ್ಲಿ ಜಾನ್ ವಾಟ್ಸನ್ ಅನ್ನೋ ಬಟ್ಟೆ ವ್ಯಾಪಾರಿ ಇಲ್ಲಿ ಜಾಗ ಹಿಡಿದ. 999 ವರ್ಷದ ಲೀಸ್, ವರ್ಷಕ್ಕೆ 92 ರೂಪಾಯಿ 12 ಆಣೆ ಬಾಡಿಗೆ. ಇದನ್ನು ಹೇಳಿದಾಗಲೆಲ್ಲ ಗುಂಪಿನಲ್ಲಿ ಯಾರಾದರೂ ತಮ್ಮ ಫ್ಲಾಟಿನ ಮೆಂಟೆನೆನ್ಸ್ ನೆನೆದು ನಿಟ್ಟುಸಿರು ಬಿಡುತ್ತಾರೆ.

ಆಮೇಲೆ ಆ ಪುಣ್ಯಾತ್ಮ ಮಾಡಿದ್ದೇ ವಿಶೇಷ. ಕಟ್ಟಡವನ್ನೇ ಇಂಗ್ಲೆಂಡಿನಿಂದ ತರಿಸಿದ. ನಕ್ಷೆ ಎಂಜಿನಿಯರ್ ರೋಲಂಡ್ ಆರ್ಡಿಷ್ ಅವರದು. ಲಂಡನ್ನಿನ ಆಲ್ಬರ್ಟ್ ಸೇತುವೆಯೂ ಇವರದೇ. ಕಬ್ಬಿಣದ ಕಂಬ, ತೊಲೆಗಳೆಲ್ಲ ಡರ್ಬಿ ಊರಿನ ಕಾರ್ಖಾನೆಯಲ್ಲಿ ತಯಾರಾಗಿ, ಹಡಗಿನಲ್ಲಿ ಬಂದು, 1867ರಿಂದ 1869ರ ನಡುವೆ ಇಲ್ಲಿ ಜೋಡಣೆಯಾದವು. ಭಾರ ಹೊರೋದು ಕಂಬ. ಇಟ್ಟಿಗೆ ಗೋಡೆ ಸುಮ್ನೆ ನಡುವಿನ ತುಂಬು. ಇವತ್ತು ಮುಂಬಯಿ ತುಂಬ ಏಳುತ್ತಿರುವ ಟವರುಗಳ ಲೆಕ್ಕವೂ ಇದೇ ತಾನೆ.

130 ಕೋಣೆ, ನಡುವೆ ಗಾಜಿನ ಮಾಡಿನ ದೊಡ್ಡ ಹಾಲ್, ಅದರಲ್ಲಿ ಡ್ಯಾನ್ಸು. ಬಡಿಸುವುದಕ್ಕೂ ಇಂಗ್ಲೆಂಡಿನಿಂದ ಹೆಂಗಸರನ್ನು ಕರೆಸಿದ್ದರು. ‘ವಾಟ್ಸನ್ ಅಲ್ಲಿನ ಹವೆಯನ್ನೂ ತರಿಸಿದ್ದಿದ್ದರೆ!’ ಅಂತ ಆಗಿನವರು ತಮಾಷೆ ಮಾಡುತ್ತಿದ್ದರಂತೆ. 1896ರ ಶುರುವಿನಲ್ಲಿ ಮಾರ್ಕ್ ಟ್ವೇನ್ ಇಲ್ಲಿ ಉಳಿದು, ಬೊಂಬಾಯಿಯ ಕಾಗೆಗಳ ಗಲಾಟೆಯ ಬಗ್ಗೆ ನಗು ಬರೋ ಹಾಗೆ ಬರೆದರು. ಅದೇ ವರ್ಷ ಜುಲೈ 7ರಂದು ಲೂಮಿಯೇರ್ ಸೋದರರ ಚಿತ್ರಗಳು ಇಲ್ಲಿ ತೆರೆಕಂಡವು. ಭಾರತದಲ್ಲಿ ಸಿನಿಮಾ ಕಾಲಿಟ್ಟದ್ದು ಇಲ್ಲೇ. ಆರು ಪುಟ್ಟ ಚಿತ್ರ, ಟಿಕೆಟ್ ಒಂದು ರೂಪಾಯಿ.

ಸರಕು ಇಷ್ಟಿತ್ತು. ಆದರೂ ನನ್ನ ಮಾತಿನ ತುದಿಗೆ ನಾನಿಟ್ಟದ್ದು ಇದ್ಯಾವುದನ್ನೂ ಅಲ್ಲ.

ಮೊದಲ ಭಾನುವಾರ

ನಾನಿಟ್ಟದ್ದು ಟಾಟಾ ಕತೆಯನ್ನು. ಮುಂಬಯಿಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಜಮ್‌ಷೇಟ್‌ಜಿ ಟಾಟಾ ವಾಟ್ಸನ್ ಹೋಟೆಲಿಗೆ ಬಂದರು, ಬಾಗಿಲಲ್ಲಿ ತಡೆದರು, ‘ಬಿಳಿಯರಿಗೆ ಮಾತ್ರ’ ಅಂದರು. ಸಿಟ್ಟಿಗೆದ್ದ ಟಾಟಾ ಇದಕ್ಕಿಂತ ನೂರು ಪಾಲು ಚೆನ್ನಾಗಿರೋ ತಾಜ್ ಹೋಟೆಲ್ ಕಟ್ಟಿದರು. ಕೊನೆಯಲ್ಲಿ ನಾನು ಕಪ್ಪು ಹಿಡಿದ, ತುಕ್ಕು ತಿಂದ ವಾಟ್ಸನ್ ಕಡೆ ಕೈ ತೋರಿಸಿ, ‘ಈಗ ನೋಡಿ, ಯಾರು ಉಳಿದರು?’ ಅಂದೆ. ಚಪ್ಪಾಳೆ ಬಿತ್ತು. ಒಬ್ಬರಿಗೆ ಕಣ್ಣಲ್ಲಿ ನೀರೇ ಬಂತು.

ಚಪ್ಪಾಳೆ ನಿಂತ ಮೇಲೆ ಹಿಂದಿನಿಂದ ಒಬ್ಬ ಹಿರಿಯರು ಬಂದರು. ಕುಂದಾಪುರ ಕಡೆಯವರು. ಬಿಳಿ ಅರ್ಧ ತೋಳಿನ ಶರ್ಟು, ಕೈಯಲ್ಲಿ ಮಡಚಿದ ಕೊಡೆ.

‘ಚೆಂದ ಹೇಳ್ತೀರಿ. ಆದ್ರೆ ಇದು ಯಾವ ವರ್ಷ ಆದದ್ದು ಮಾರಾಯ್ರೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ.

‘ಬರೆದದ್ದು ಎಂತಾದ್ರೂ ಉಂಟಾ? ನಾನು ಮೂವತ್ತು ವರ್ಷ ಈ ಬಿಲ್ಡಿಂಗಲ್ಲೇ ವಕೀಲರ ಹತ್ರ ಟೈಪಿಸ್ಟ್ ಆಗಿದ್ದವ. ಕಾಗದ ಇಲ್ಲದ ಮಾತನ್ನು ನಮ್ಮ ಸಾಹೇಬ್ರು ಟೈಪ್ ಮಾಡ್ಲಿಕ್ಕೇ ಬಿಡ್ತಿರಲಿಲ್ಲ.’

ಗುಂಪಿನ ಮಕ್ಕಳು ಆಮೇಲೆ ಇವರನ್ನು ಟೈಪಿಸ್ಟ್ ಅಜ್ಜ ಅಂತ ಕರೆಯಲು ಶುರುಮಾಡಿದರು. ನಾನೂ ಹಾಗೇ ಬರೆಯುತ್ತೇನೆ. ಅವತ್ತು ಮಾತ್ರ ನನಗೆ ಸ್ವಲ್ಪ ಕೋಪವೇ ಬಂತು. ಅವರು ಹೇಳಿದ ‘ಮೂವತ್ತು ವರ್ಷ ಈ ಬಿಲ್ಡಿಂಗಲ್ಲೇ’ ಅನ್ನೋ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಈಗ ನೋಡಿದರೆ ಈ ಪ್ರಕರಣದಲ್ಲಿ ನನ್ನ ದೊಡ್ಡ ತಪ್ಪು ಅದೇ.

ಮನೆಗೆ ಹೋಗಿ ಹುಡುಕಿದೆ. ಕತೆ ಎಲ್ಲಾ ಕಡೆ ಇದೆ, ತಾರೀಖು ಎಲ್ಲೂ ಇಲ್ಲ. ಆ ಕಾಲದ ದಾಖಲೆ ಯಾವುದನ್ನೂ ಯಾರೂ ತೋರಿಸುವುದಿಲ್ಲ. ಎಲ್ಲರೂ ‘ಹೇಳುತ್ತಾರೆ’ ಅಂತಲೇ ಹೇಳುತ್ತಾರೆ. ತಾಜ್ ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಅದಕ್ಕೆ ಏಳು ವರ್ಷ ಮುಂಚೆ, 1896ರಲ್ಲಿ, ಊರಿಗೆ ಪ್ಲೇಗ್ ಬಡಿದಿತ್ತು. ಜನ ಊರು ಬಿಟ್ಟು ಓಡಿದ್ದರು. ಇಂಥ ಊರಿಗೆ ಮತ್ತೆ ಹೆಸರು ಬರಬೇಕು, ಹೊರಗಿನವರು ಬಂದು ಉಳಿಯೋಕೆ ಒಳ್ಳೇ ಹೋಟೆಲ್ ಬೇಕು ಅನ್ನೋದು ಟಾಟಾ ಮನಸ್ಸಿನಲ್ಲಿತ್ತು ಅಂತ ಹೇಳುವ ಇತಿಹಾಸಕಾರರಿದ್ದಾರೆ. ಬಾಗಿಲಲ್ಲಿ ತಡೆದದ್ದೇ ಕಾರಣ ಅನ್ನೋಕೆ ಆಧಾರ ಸಾಲದು.

ತಾಜಿನ ಬಗ್ಗೆ ಇನ್ನೊಂದು ಕತೆಯೂ ಇದೆ. ಹೋಟೆಲನ್ನು ಹಿಂದುಮುಂದಾಗಿ ಕಟ್ಟಿಬಿಟ್ಟರು, ಅದನ್ನು ನೋಡಿ ಅದರ ಆರ್ಕಿಟೆಕ್ಟ್ ಆತ್ಮಹತ್ಯೆ ಮಾಡಿಕೊಂಡ ಅಂತ. ಅದಂತೂ ಶುದ್ಧ ಬೊಗಳೆ. ಈ ಊರಿನಲ್ಲಿ ದೊಡ್ಡ ಕಟ್ಟಡ ಎದ್ದರೆ ಪಕ್ಕದಲ್ಲೇ ಒಂದು ಕತೆಯೂ ಏಳುತ್ತದೆ.

ತೆಗೆದು ಹಾಕಿದರೆ ಹೋಗುತ್ತದಾ?

ಎರಡನೇ ಭಾನುವಾರ ಟಾಟಾ ಕತೆಯನ್ನು ಪೂರ್ತಿ ತೆಗೆದೆ. ಲೀಸು, ಹಡಗು, ಆರ್ಡಿಷ್, ಲೂಮಿಯೇರ್, ಎಲ್ಲಾ ಸರಿಯಾದ ತಾರೀಖಿನ ಜೊತೆ. ಹತ್ತು ನಿಮಿಷಕ್ಕೆ ಅರ್ಧ ಗುಂಪು ಮೊಬೈಲ್ ನೋಡುತ್ತಿತ್ತು. ಎರಡನೇ ಕ್ಲಾಸಿನ ಹುಡುಗನೊಬ್ಬ ಅಮ್ಮನ ಸೆರಗು ಎಳೆದು, ‘ಈ ಹೋಟೆಲಲ್ಲಿ ಮಸಾಲೆ ದೋಸೆ ಸಿಗ್ತಿತ್ತಾ?’ ಅಂದ. ಎಲ್ಲರೂ ನಕ್ಕರು. ಅವನದೇನು ತಪ್ಪು? ನಮಗೆ ಹೋಟೆಲ್ ಅಂದರೆ ತಿಂಡಿ ಸಿಗೋ ಜಾಗ. ಅವನ ಅಜ್ಜ ‘ಹೋಟ್ಲು’ ಇಟ್ಟಿದ್ದವರು.

ಚಹಾಕ್ಕೆ ನಿಂತಾಗ ಒಬ್ಬರು ಕೇಳಿದರು, ‘ಟಾಟಾ ಕತೆ ಹೇಳ್ಲೇ ಇಲ್ವಲ್ಲ?’ ನಾನು ಬಾಯಿ ತೆರೆಯೋ ಮುಂಚೆ ಪಕ್ಕದವರು ಅದನ್ನು ಶುರುಮಾಡಿಯೇಬಿಟ್ಟರು. ‘ನಾಯಿಗಳಿಗೂ ಭಾರತೀಯರಿಗೂ ಪ್ರವೇಶವಿಲ್ಲ’ ಅನ್ನೋ ಬೋರ್ಡನ್ನೂ ಸೇರಿಸಿ, ನಾನು ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದರು. ಮುಂಬಾಗಿಲಲ್ಲಿ ನಾನು ತಡೆದ ಕತೆ ಹಿತ್ತಲಿಂದ ಒಳಗೆ ಬಂದು ಚಹಾ ಕುಡಿಯುತ್ತ ಕೂತಿತ್ತು.

ಮೂರನೇ ಭಾನುವಾರ ಬೇರೆ ದಾರಿ ಹಿಡಿದೆ. ಕತೆ ಹೇಳಿದೆ, ಕೂಡಲೇ ‘ಆದರೆ ಇದಕ್ಕೆ ಆಧಾರ ಇಲ್ಲ’ ಅಂದೆ. ಪಾಪ, ನಿವೃತ್ತ ಮೇಷ್ಟ್ರೊಬ್ಬರಿಗೆ ತುಂಬಾ ನೋವಾಯಿತು. ‘ಹಾಗಾದ್ರೆ ಬ್ರಿಟಿಷರು ಅವಮಾನ ಮಾಡ್ಲೇ ಇಲ್ಲ ಅಂತೀರಾ?’ ಅಂದರು. ಫುಟ್‌ಪಾತಿನ ಮೇಲೆ ಇಪ್ಪತ್ತು ನಿಮಿಷ ವಾದ. ಹಾಗಲ್ಲ ಅಂತ ನಾನು ಹೇಳಬೇಕಿತ್ತು. ಅವಮಾನ ಇದ್ದದ್ದೇ. ಬೈಕಲಾ ಕ್ಲಬ್ಬಿನಂಥ ಕಡೆ ಭಾರತೀಯರಿಗೆ ಸದಸ್ಯತ್ವವೇ ಇರಲಿಲ್ಲ. ಗವರ್ನರ್ ವಿಲಿಂಗ್ಡನ್ ಭಾರತೀಯರನ್ನೂ ಸೇರಿಸಿಕೊಳ್ಳುವ ಕ್ಲಬ್ ಅಂತಲೇ ಬೇರೊಂದನ್ನು 1918ರಲ್ಲಿ ಶುರುಮಾಡಬೇಕಾಯಿತು. ತಡೆದ ಬಾಗಿಲುಗಳು ನಿಜ. ಈ ಬಾಗಿಲು, ಈ ಮನುಷ್ಯ, ಈ ದಿನ ಅನ್ನೋದಕ್ಕೆ ಮಾತ್ರ ಕಾಗದ ಇಲ್ಲ. ಈ ಎರಡನ್ನು ಬೇರೆ ಮಾಡಿ ಹೇಳುವ ಮಾತು ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಮೇಷ್ಟ್ರು ಚರ್ಚ್‌ಗೇಟ್ ಕಡೆ ಒಬ್ಬರೇ ನಡೆದುಹೋದರು.

ನಡುವೆ ಒಂದು ಫೋನು

ಆ ರಾತ್ರಿ ಟೈಪಿಸ್ಟ್ ಅಜ್ಜನಿಗೆ ಫೋನ್ ಮಾಡಿದೆ. ನಿಜ ಹೇಳಬೇಕೆಂದರೆ ಸಲಹೆ ಕೇಳೋಕಲ್ಲ, ‘ನಿಮ್ಮಿಂದ ನೋಡಿ ಇಷ್ಟೆಲ್ಲಾ ಆಯ್ತು’ ಅಂತ ಹೇಳೋಕೆ. ಅವರು ನಕ್ಕರು. ಮಾತು ಎಲ್ಲೆಲ್ಲೋ ಹೋಯಿತು. ಗೋಡೆಗೆ ಮೊಳೆ ಹೊಡೆಯುವ ವಿಷಯ ಹೇಗೆ ಬಂತೋ ಮರೆತೆ. ಅವರೆಂದರು:

‘ನಮ್ಮ ಆಫೀಸಿನ ನಡುವಿನಲ್ಲೇ ಒಂದು ಕಂಬ ಬರ್ತಿತ್ತು. ಅದಕ್ಕೆ ಮೊಳೆ ಹೋಗ್ಲಿಕ್ಕಿಲ್ಲ. ನನ್ನ ಹತ್ರ ಹಳೇ ಲೌಡ್‌ಸ್ಪೀಕರಿನ ಮ್ಯಾಗ್ನೆಟ್ ಒಂದಿತ್ತು. ಕೋರ್ಟಿನ ತಾರೀಖಿನ ಚೀಟಿ ಎಲ್ಲ ಅದರಲ್ಲಿ ಕಂಬಕ್ಕೆ ಅಂಟಿಸಿಡ್ತಿದ್ದೆ.’

ಮೂರು ವಾರದಿಂದ ನಾನು ‘ಎರಕದ ಕಬ್ಬಿಣ, ಡರ್ಬಿ, ಮುಂಚೆಯೇ ತಯಾರಾದ ಚೌಕಟ್ಟು’ ಅಂತ ಬಡಬಡಿಸುತ್ತಿದ್ದೆ. ಈ ಮನುಷ್ಯ ಅದಕ್ಕೆ ಮೂವತ್ತು ವರ್ಷ ಚೀಟಿ ಅಂಟಿಸಿದ್ದರು.

ಆಮೇಲೆ ಎರಡು ಸಲ ಅವರ ಮನೆಗೆ ಹೋಗಿ ಕೂತೆ. ವಾಟ್ಸನ್ ಹೋಟೆಲಿನ ನಂತರದ ಬದುಕು ಅವರ ಬಾಯಲ್ಲಿತ್ತು. ತಾಜ್ ಬಂದ ಮೇಲೆ ವಾಟ್ಸನ್ ಮಂಕಾಯಿತು. ಹೋಟೆಲ್ ಮುಚ್ಚಿತು. ಕೋಣೆ ಹಾಲ್ ಎಲ್ಲಾ ಗೂಡು ಗೂಡಾಗಿ ಬಾಡಿಗೆಗೆ ಹೋದವು. ಸೆಷನ್ಸ್ ಕೋರ್ಟು, ಹೈಕೋರ್ಟು ಎರಡೂ ಕೂಗಳತೆಯಲ್ಲಿ, ಹಾಗಾಗಿ ವಕೀಲರೇ ಜಾಸ್ತಿ. ಅಜ್ಜನ ಆಫೀಸು ಎರಡೂವರೆ ಮೇಜಿನಷ್ಟು. ಮೂರು ಕಡೆ ಪ್ಲೈವುಡ್, ಒಂದು ಕಡೆ ಹಳೇ ಗೋಡೆ. ಮಧ್ಯಾಹ್ನ ಇಡೀ ಮಹಡಿಯಲ್ಲಿ ಟೈಪ್‌ರೈಟರಿನ ಸದ್ದು. ಪಕ್ಕದ ಗೂಡಿನವರು ಯಾವ ಕೇಸು ಟೈಪ್ ಮಾಡ್ತಿದ್ದಾರೆ ಅಂತ ಸಾಲು ಮುಗಿದಾಗ ಬಡಿಯೋ ಗಂಟೆಯ ಲೆಕ್ಕದಲ್ಲೇ ಊಹಿಸಬಹುದಿತ್ತಂತೆ. ಇದನ್ನು ನಾನು ಪೂರ್ತಿ ನಂಬಿಲ್ಲ. ಚಹಾ ತರುತ್ತಿದ್ದ ಹುಡುಗ ಬೈಂದೂರಿನವನು, ಆರು ಗ್ಲಾಸಿನ ತಂತಿ ಸ್ಟ್ಯಾಂಡನ್ನು ಒಂದೇ ಕೈಯಲ್ಲಿ ಹಿಡಿದು ಮರದ ಮೆಟ್ಟಿಲು ಹತ್ತುತ್ತಿದ್ದ. ಮಳೆಗಾಲದಲ್ಲಿ ಒಳಗಿನ ಓಣಿಯಲ್ಲೂ ಕೊಡೆ ಬಿಚ್ಚಿಯೇ ನಡೆಯಬೇಕು. ‘ಹೊರಗಿಂದ ಬಂದವರು ಒಳಗೆ ಬಂದು ಕೊಡೆ ಮಡಚ್ತಾರೆ. ನಾವು ಒಳಗೆ ಬಂದು ಬಿಚ್ತಿದ್ದೆವು.’

ಕಟ್ಟಡ ಹಾಳಾದದ್ದು ಯಾಕೆ ಅನ್ನೋದಕ್ಕೂ ಅವರ ಮಾತಿನಲ್ಲೇ ಉತ್ತರ ಇತ್ತು. ಬಾಡಿಗೆ ಕಾನೂನಿನಿಂದ ಹಳೇ ಬಾಡಿಗೆ ಹಾಗೇ ನಿಂತುಬಿಟ್ಟಿತು. ಮುಂಬಯಿಯ ಪಗಡಿ ಕಟ್ಟಡಗಳ ಕತೆಯೇ ಇದು: ಶುರುವಿನಲ್ಲಿ ಒಂದು ದೊಡ್ಡ ಮೊತ್ತ ಕೊಟ್ಟು, ಆಮೇಲೆ ಸಣ್ಣ ಬಾಡಿಗೆಯಲ್ಲೇ ಉಳಿಯೋದು. ಅಷ್ಟು ಬಾಡಿಗೆಯಲ್ಲಿ ರಿಪೇರಿ ಮಾಡಿಸೋಕೆ ಮಾಲೀಕರಿಗೆ ಮನಸ್ಸಿಲ್ಲ, ಯಾರದೋ ಕಟ್ಟಡಕ್ಕೆ ಕೈಯಿಂದ ಹಾಕೋಕೆ ಬಾಡಿಗೆದಾರರಿಗೆ ಮನಸ್ಸಿಲ್ಲ. ನಡುವೆ ಒಬ್ಬೊಬ್ಬರೂ ಅಟ್ಟ ಕಟ್ಟಿಕೊಂಡರು, ನೀರಿನ ಟ್ಯಾಂಕ್ ಇಟ್ಟರು. ಸೋರಿದ ನೀರು ಕಬ್ಬಿಣ ಮುಟ್ಟಿತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದಾಗ ಪಕ್ಕದ ಇಟ್ಟಿಗೆಯನ್ನು ಒತ್ತಿ ಒಡೆಯುತ್ತದೆ. 2005ರಲ್ಲಿ ಬಾಲ್ಕನಿಯ ಒಂದು ಭಾಗ ಕುಸಿದು ಒಬ್ಬರು ಸತ್ತರು. ಅದೇ ಸುಮಾರಿಗೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಜಗತ್ತಿನ ಅಪಾಯದಲ್ಲಿರೋ ನೂರು ಜಾಗಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. 2019ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಎಲ್ಲರೂ ಖಾಲಿ ಮಾಡಿದರು. ಆಗ ಕೆಡವಬೇಕೇ ಉಳಿಸಬೇಕೇ ಅಂತ ದೊಡ್ಡ ಜಗಳವೇ ನಡೆಯಿತು. ಅಜ್ಜ ಅದಕ್ಕೂ ಎಷ್ಟೋ ಮುಂಚೆ ನಿವೃತ್ತರಾಗಿದ್ದರು. ಮ್ಯಾಗ್ನೆಟ್ ಮಾತ್ರ ಕಂಬದಿಂದ ಕಿತ್ತು ಮನೆಗೆ ತಂದಿದ್ದರು.

ಹೊಸದೊಂದು ತೊಡಕು

ಇಲ್ಲಿಗೆ ಎಲ್ಲಾ ಸರಿಹೋಯಿತು ಅಂದುಕೊಂಡರೆ ತಪ್ಪು. ಎರಡನೇ ಸಲ ಹೋದಾಗ ಅಜ್ಜ ಬಹಳ ಹೆಮ್ಮೆಯಿಂದ ಹೇಳಿದರು: ‘ಮೊದಲ ಸಿನಿಮಾ ತೋರಿಸಿದ್ದು ನಮ್ಮ ಆಫೀಸಿನ ಸರೀ ಕೆಳಗಿನ ಕೋಣೆಯಲ್ಲಿ.’

ಈಗ ಏನು ಮಾಡೋದು? ಟಾಟಾ ಕತೆಗೆ ಕಾಗದ ಕೇಳಿದವರು ಇವರೇ. ಇವರ ಕತೆಗೆ ಕೇಳದೆ ಬಿಡೋದಾ? ಹೋಟೆಲಿನಲ್ಲಿ ಪ್ರದರ್ಶನ ಆದದ್ದಕ್ಕೆ ಆಗಿನ ಪತ್ರಿಕೆಯ ಜಾಹೀರಾತೇ ಸಾಕ್ಷಿ. ಆದರೆ ಈ ಕೋಣೆಯೇ ಅನ್ನೋದಕ್ಕೆ? ಚಹಾ ಮುಗಿಯೋವರೆಗೂ ಸುಮ್ಮನಿದ್ದೆ. ಕೊನೆಗೆ ಕೇಳಿದೆ, ‘ಅದು ನಿಮಗೆ ಯಾರು ಹೇಳಿದ್ದು?’

‘ನಮ್ಮ ಸಾಹೇಬ್ರು.’

‘ಅವರಿಗೆ?’

ಅಜ್ಜ ಸ್ವಲ್ಪ ಹೊತ್ತು ಫ್ಯಾನ್ ನೋಡಿದರು. ಮುಖ ಸಣ್ಣದಾಯಿತು. ಆಮೇಲೆ ಒಳಗಿಂದ ಒಂದು ನೋಟ್‌ಬುಕ್ ತರಿಸಿ ಮೂರು ಗೆರೆ ಎಳೆದರು. ಕಂಡದ್ದು, ಕೇಳಿದ್ದು, ಬರೆದಿಟ್ಟದ್ದು. ನಾನು ಹೇಳುವ ಒಂದೊಂದೇ ಸಂಗತಿಯನ್ನು ಅದರೊಳಗೆ ಹಾಕುತ್ತಾ ಹೋದರು. ಲೀಸಿನ 92 ರೂಪಾಯಿ 12 ಆಣೆ, ಬರೆದಿಟ್ಟದ್ದು. ಓಣಿಯಲ್ಲಿ ಕೊಡೆ, ಕಂಡದ್ದು. ಟಾಟಾ, ಕೇಳಿದ್ದು. ಸಿನಿಮಾ ಕೋಣೆಯನ್ನು ಅವರೇ ಟಾಟಾ ಕೆಳಗೆ ಬರೆದರು, ಸ್ವಲ್ಪ ಒತ್ತಿ.

ನನಗೆ ಬೇಕಿದ್ದದ್ದು ಇದೇ. ಮೂರನೇ ವಾರ ನಾನು ‘ನಿಜ’, ‘ಸುಳ್ಳು’ ಅಂತ ಎರಡೇ ಡಬ್ಬಿ ಇಟ್ಟುಕೊಂಡು ಹೋಗಿದ್ದೆ. ಮೇಷ್ಟ್ರಿಗೆ ಇಷ್ಟದ ಕತೆಯನ್ನು ಸುಳ್ಳಿನ ಡಬ್ಬಿಗೆ ಎಸೆದೆ, ಜಗಳ ಆಗದೆ ಇನ್ನೇನು? ಕೇಳಿದ್ದು ಅಂತ ಒಂದು ಜಾಗ ಕೊಟ್ಟರೆ ಕತೆಯೂ ಉಳಿಯುತ್ತದೆ, ಯಾರ ಮುಖವೂ ಸಣ್ಣದಾಗೋಲ್ಲ.

ನಾಲ್ಕನೇ ಭಾನುವಾರ

ಈ ಸಲ ಯಾರು ಉಳಿದರು ಅನ್ನೋದರಿಂದ ಶುರುಮಾಡಲಿಲ್ಲ, ಯಾರು ದುಡಿದರು ಅನ್ನೋದರಿಂದ ಶುರುಮಾಡಿದೆವು. ಕಟ್ಟಡದ ಬುಡಕ್ಕೆ ಹೋಗಲಿಲ್ಲ. ಮೊದಲ ದಿನ ಫೋಟೋ ಚೆನ್ನಾಗಿ ಬರುತ್ತದೆ ಅಂತ ಅದರ ಪಕ್ಕದಲ್ಲೇ ನಿಲ್ಲಿಸಿದ್ದೆ. ಬಾಲ್ಕನಿ ಬಿದ್ದ ಕಟ್ಟಡದ ಕೆಳಗೆ ಮಕ್ಕಳನ್ನು ನಿಲ್ಲಿಸೋದು ಬುದ್ಧಿವಂತಿಕೆ ಅಲ್ಲ. ಎದುರಿನ ಫುಟ್‌ಪಾತಿನಿಂದ ಇಡೀ ಚೌಕಟ್ಟು ಇನ್ನೂ ಚೆನ್ನಾಗಿಯೇ ಕಾಣುತ್ತದೆ.

ಅಜ್ಜ ಭಾಷಣ ಮಾಡೋಲ್ಲ ಅಂದಿದ್ದರು. ಸುಮ್ನೆ ಜೇಬಿನಿಂದ ಮ್ಯಾಗ್ನೆಟ್ ತೆಗೆದು ದೋಸೆ ಕೇಳಿದ ಹುಡುಗನ ಕೈಗಿಟ್ಟರು. ಕಪ್ಪು, ದುಂಡಗೆ, ನಡುವೆ ತೂತು, ಒಂದು ಅಂಚು ಒಡೆದಿದೆ. ಅಂಗೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಜಾಸ್ತಿ ಭಾರ. ಹುಡುಗ ಅದನ್ನು ಮೊದಲು ಕಲ್ಲಿನ ಕಟ್ಟೆಗೆ ಒತ್ತಿದ, ಬಿತ್ತು. ಫುಟ್‌ಪಾತಿನ ಕಬ್ಬಿಣದ ಬೇಲಿಗೆ ಒತ್ತಿದ, ಟಕ್ ಅಂತ ಹಿಡಿಯಿತು. ಅಜ್ಜ ರಸ್ತೆಯಾಚೆ ಕೈ ತೋರಿಸಿ ಅಂದರು, ‘ಅಲ್ಲಿ ಕಂಬಕ್ಕೂ ಹೀಗೇ ಹಿಡೀತಿತ್ತು. ಪೇಂಟಿನ ಮೇಲಿಂದಲೇ.’

ಅವತ್ತು ಯಾರೂ ಮೊಬೈಲ್ ನೋಡಲಿಲ್ಲ. ಒಬ್ಬ ಹೆಂಗಸು ತಮ್ಮ ಮಾವ ಫೋರ್ಟಿನ ರಾತ್ರಿ ಶಾಲೆಯಲ್ಲಿ ಓದುತ್ತಾ ಹಗಲು ಇಂಥದೇ ಒಂದು ಕಟ್ಟಡಕ್ಕೆ ಊಟದ ಡಬ್ಬಿ ಮುಟ್ಟಿಸುತ್ತಿದ್ದರು ಅಂತ ಹೇಳಿದರು. ಅದೂ ನೋಟ್‌ಬುಕ್ ಸೇರಿತು. ಟಾಟಾ ಕತೆಗೆ ಎರಡು ನಿಮಿಷ ಕೊಟ್ಟೆ. ‘ಇದು ಈ ಊರು ತನಗೆ ತಾನೇ ಹೇಳಿಕೊಂಡ ಕತೆ, ಯಾಕೆ ಹೇಳಿಕೊಂಡಿತು ಅನ್ನೋದು ಮಾತ್ರ ನಿಜ’ ಅಂತ ಹೇಳಿ ಕ್ಲಬ್ಬುಗಳ ವಿಷಯಕ್ಕೆ ಬಂದೆ. ಮೇಷ್ಟ್ರು ಬಂದಿರಲಿಲ್ಲ. ಇನ್ನೂ ಬಂದಿಲ್ಲ.

ಒಂದು ವಿಷಯದಲ್ಲಿ ನಾನು ಸೋತೆ, ಅದನ್ನೂ ಬರೆಯಬೇಕು. ಸಂಘದ ಆಮಂತ್ರಣದಲ್ಲಿ ಟಾಟಾ ಕತೆಯೇ ದಪ್ಪ ಅಕ್ಷರದಲ್ಲಿದೆ. ತೆಗೀರಿ ಅಂದೆ. ಖಜಾಂಚಿಯವರು, ‘ಟೈಪಿಸ್ಟ್ ನೋಡೋಕೆ ಬೊರಿವಲಿಯಿಂದ ಬೆಳಿಗ್ಗೆ ಆರಕ್ಕೆ ಯಾರು ಹೊರಡ್ತಾರೆ ಹೇಳಿ?’ ಅಂದರು. ಅವರ ಮಾತಲ್ಲೂ ಹುರುಳಿದೆ. ಕೊನೆಗೆ ಒಂದು ಪ್ರಶ್ನೆ ಚಿಹ್ನೆ ಸೇರಿಸೋದಕ್ಕೆ ಒಪ್ಪಿದರು.

ಈ ಬರಹವನ್ನು ಮುಗಿಸಿ ಅಜ್ಜನಿಗೆ ಓದಿ ಹೇಳಿದೆ. ಎಲ್ಲಾ ಸರಿ ಇದೆ ಅಂದರು. ಅರ್ಧ ಗಂಟೆ ಬಿಟ್ಟು ಅವರೇ ಫೋನ್ ಮಾಡಿದರು.

‘ಮ್ಯಾಗ್ನೆಟ್ ಲೌಡ್‌ಸ್ಪೀಕರಿದ್ದು ಅಂತ ಹೇಳಿದೆನಲ್ಲ, ಅದು ಸರಿ ಅಲ್ಲ. ಈಗ ಹೆಂಡ್ತಿ ಹೇಳಿದ್ಳು. ಸೈಕಲ್ ಡೈನಮೋದ್ದಂತೆ. ನೀವು ತಿದ್ದುವಾಗ ಕೇಳಿದ್ದು ಅಂತ ಬರ್ಕೊಳ್ಳಿ. ನನಗೆ ನೆನಪಿಲ್ಲ.’